ಸುಡದೆ ಉಳಿದ ಫ್ಯೂಸು

ಮುಂದಿನ ಸೀಟು ಕಿತ್ತು ಹೊರಗಿಟ್ಟಿದ್ದ ಕಾರಿನ ನೆಲದ ಮೇಲೆ ಬೆನ್ನು ಹಾಸಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ್ದ ರೀಂಕ್ ಪೋಸ್ಟ್ಮಾ, ಕೈಯಲ್ಲಿ ಹಿಡಿದಿದ್ದ ತಂತಿಯನ್ನು ಎಲ್ಲಿಗೆ ಸೇರಿಸಬೇಕೆಂಬುದನ್ನು ಮೂರನೆಯ ಸಲ ಮರೆತಿದ್ದ. ಮರೆಯಲು ಕಾರಣವೇ ಇರಲಿಲ್ಲ. ಹೊಸ ವೈರಿಂಗ್ ಸೆಟ್ಟಿನ ಪ್ರತಿಯೊಂದು ತಂತಿಯ ಮೈಮೇಲೂ ಅದು ಹೋಗಬೇಕಾದ ಜಾಗದ ಹೆಸರನ್ನು ನಾಲ್ಕು ಬೆರಳಿಗೊಮ್ಮೆ ಅಚ್ಚು ಹಾಕಿದ್ದರು. ಎಡ ಹಿಂದೀಪ, ಎಡ ಹಿಂದೀಪ, ಎಡ ಹಿಂದೀಪ. ದಾರಿ ತಪ್ಪುವ ಮಗುವಿನ ಕೊರಳಿಗೆ ವಿಳಾಸದ ಚೀಟಿ ಕಟ್ಟಿದ ಹಾಗೆ. ಅವನು ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದಾಗ ತಂತಿಗಳಿಗೆ ಬಾಯಿರಲಿಲ್ಲ, ಬಣ್ಣ ಮಾತ್ರ ಇತ್ತು. ಬಿಳಿ ಕೆಂಪು ಕಪ್ಪು ಹಳದಿ ನೇರಳೆ, ನೀಲಿ ಕಿತ್ತಳೆ ಹಸಿರು ಕಂದು ಬೂದು ಎಂದು ಹತ್ತೊಂಬತ್ತು ವರ್ಷದ ಹುಡುಗರು ಸಾಲಾಗಿ ನಿಂತು ಒಪ್ಪಿಸಬೇಕಿತ್ತು. ಚರ್ಚಿನಲ್ಲಿ ಧರ್ಮಬೋಧೆಯ ಪ್ರಶ್ನೋತ್ತರ ಒಪ್ಪಿಸಿ ಬೆಳೆದಿದ್ದ ಅವನಿಗೆ ಅದು ಕಷ್ಟವೆನಿಸಲೇ ಇಲ್ಲ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಮೇಲ್ವಿಚಾರಕ ಮೆಚ್ಚಿ ತಲೆದೂಗಿದ್ದ. ಈಗಲೂ ನಿದ್ದೆ ಬಾರದಾಗ ಅದೇ ನಾಲಿಗೆಗೆ ಬರುತ್ತದೆ. ಆದರೆ ಮಂಗಳವಾರದಿಂದೀಚೆಗೆ ಅದನ್ನೂ ಪೂರ್ತಿ ಹೇಳಲಾಗುತ್ತಿಲ್ಲ. ಕಪ್ಪು ಎನ್ನುವಲ್ಲಿಗೆ ಬಂದು ನಿಂತುಬಿಡುತ್ತದೆ.

ಮಂಗಳವಾರ ಬೆಳಿಗ್ಗೆ, ಇದೇ ಭಂಗಿಯಲ್ಲಿ, ಹಳೆಯ ಸುಟ್ಟ ತಂತಿಗಳ ಕಂತೆಯನ್ನು ಎಳೆದು ತೆಗೆಯುತ್ತಿದ್ದಾಗ ಅವನಿಗೆ ಮೊದಲು ಕಂಡದ್ದು ತನ್ನದೇ ಗಂಟುಗಳು. ಮೇಣ ಸವರಿದ ದಾರದಲ್ಲಿ ಅಂಗುಲಕ್ಕೊಂದರಂತೆ ಕಂತೆಯನ್ನು ಹೆಣೆದು ಕಟ್ಟುವುದು ಎಕ್ಸ್‌ಚೇಂಜಿನವರ ಪದ್ಧತಿ. ಈ ಊರಿನಲ್ಲಿ ಹಾಗೆ ಕಟ್ಟುವವನು ಅವನೊಬ್ಬನೇ. ಇಪ್ಪತ್ನಾಲ್ಕು ವರ್ಷದ ಮಸಿಯ ಕೆಳಗೂ ಗಂಟುಗಳು ಬಿಗಿಯಾಗಿಯೇ ಇದ್ದವು, ಅದನ್ನು ಕಂಡು ಒಂದು ಗಳಿಗೆ ಹೆಮ್ಮೆಯೇ ಆಯಿತು. ಆಮೇಲೆ ಬೆರಳು ಕಂತೆಯ ಗುಂಟ ಮುಂದೆ ಹೋಯಿತು. ಕಾರಿನ ಯಜಮಾನನಾಗಿದ್ದ, ಈಗ ತೀರಿಹೋದ ಗೆಳೆಯ ವೀಬೆಯ ಮಗ ಗೆರಿಟ್ ಅಳವಡಿಸಿದ್ದ ರೇಡಿಯೋದ ಸಣ್ಣ ಕೆಂಪು ತಂತಿ ಪಕ್ಕದಲ್ಲಿ ಬೇರೆಯಾಗಿಯೇ ಸಾಗಿತ್ತು. ಅದರ ಹೊರಮೈ ಕಾವಿಗೆ ಸ್ವಲ್ಪ ಸುಕ್ಕುಗಟ್ಟಿತ್ತು, ಅಷ್ಟೇ. ಅದಕ್ಕೊಂದು ಗಾಜಿನ ಫ್ಯೂಸು. ಮಸಿಯನ್ನು ಹೆಬ್ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದರೆ ಒಳಗಿನ ಬೆಳ್ಳಿಯ ಎಳೆ ಕೂದಲಷ್ಟೂ ಕೊಂಕದೆ ಮಿನುಗಿತು. ಸುಟ್ಟದ್ದು ಬೇರೆ ಕಡೆಯಿಂದ. ಬ್ಯಾಟರಿಯಿಂದ ಮೀಟರಿಗೆ ಬರುವ ದಪ್ಪ ತಂತಿ, ಇಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ತೂತಿನಲ್ಲಿ ಹಾಯುವ ಜಾಗದಿಂದ. ತಗಡಿನ ಅಂಚು ತಂತಿಗೆ ಉಜ್ಜದಂತೆ ಆ ತೂತಿಗೆ ಹಾಕಬೇಕಾದ ರಬ್ಬರ್ ಬುಷ್ ಇರಲಿಲ್ಲ. ಕರಗಿ ಹೋಗಿದ್ದರೆ ತಗಡಿನ ಅಂಚಿಗೆ ಅಂಟಿದ ಗುರುತಿರಬೇಕಿತ್ತು. ಇರಲಿಲ್ಲ. ಬುಷ್ ಹಾಕಿಯೇ ಇರಲಿಲ್ಲ. ಬೋಳು ತಗಡಿನ ಅಂಚು ಒಂದು ವರ್ಷ ತಂತಿಯನ್ನು ತೇಯ್ದಿತ್ತು.

ಅವನು ಆ ಕೆಂಪು ತಂತಿಯ ತುಂಡನ್ನು, ಫ್ಯೂಸಿನ ಸಮೇತ, ಇಕ್ಕಳದಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಯಾಕೆ ಹಾಕಿಕೊಳ್ಳುತ್ತಿದ್ದೇನೆಂದು ಕೇಳಿಕೊಳ್ಳಲಿಲ್ಲ. ಮನೆಗೆ ಹೋದಾಗ ಹೆಂಡತಿ ಟ್ರೈನಾ ಮೂಗು ಸುಕ್ಕಿಸಿ, "ಏನ್ರೀ ನಿಮ್ಮ ಅಂಗಿ, ಒಲೆ ಒಳಗೆ ಹೊಕ್ಕು ಬಂದ ಹಾಗಿದೆ" ಎಂದಳು. ಹಳೇ ಕಾರು ಎಂದ. ಬುಧವಾರ ಬೆಳಿಗ್ಗೆ ಕಸದ ಲಾರಿ ಬರುವ ಹೊತ್ತಿಗೆ ಅದನ್ನು ಕಾಫಿ ಚರಟ, ಮೊಟ್ಟೆ ಸಿಪ್ಪೆಗಳ ನಡುವೆ ತುರುಕಿ, ಲಾರಿಯ ಕಬ್ಬಿಣದ ತೋಳು ಡಬ್ಬಿಯನ್ನು ಎತ್ತಿ ಬೋರಲು ಹಾಕುವವರೆಗೂ ಕಿಟಕಿಯಲ್ಲಿ ನಿಂತಿದ್ದ. ಆಮೇಲೆ ಸ್ಕ್ರೂ ಕೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಹೋದ. ಗಲ್ಲಾದವನು ಚೀಲಕ್ಕೆ ಸ್ಕ್ರೂ ಹಾಕುತ್ತ, "ವೀಬೆಯ ಹಡ್ಸನ್ ಕಾರಿಗೆ ಕೈ ಹಾಕಿದೀರಂತೆ. ಬೆಂಕಿ ಗೆರಿಟ್‌ನ ಒಂದು ಮಾರು ದೂರ ಇಡಿ ಮತ್ತೆ" ಎಂದ. ರೀಂಕ್ ನಕ್ಕ. ನಗು ಬಂತು, ಇಪ್ಪತ್ನಾಲ್ಕು ವರ್ಷದಿಂದ ಆ ಮಾತಿಗೆ ನಕ್ಕು ನಕ್ಕು ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಅಂಗಡಿಯಿಂದ ಹೊರಗೆ ಬಂದು, ತನ್ನ ಕಾರು ಎಲ್ಲಿ ನಿಲ್ಲಿಸಿದ್ದೇನೆಂದು ತಿಳಿಯದೆ, ಬಿಸಿಲಿನಲ್ಲಿ ಸುಮ್ಮನೆ ನಿಂತುಕೊಂಡ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇದೇ ಅವನನ್ನು ದಣಿಸುತ್ತಿದ್ದುದು. ಯಾರಾದರೂ ಹಿಡಿದುಬಿಡುವಂತಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ. ಗೆರಿಟ್ ಶಾಲೆಯ ಬಸ್ಸುಗಳ ಮೆಕ್ಯಾನಿಕ್, ಬೆಳಗಿನ ಪಾಳಿ ಮುಗಿಸಿ ಎರಡೂವರೆಗೆ ಬರುತ್ತಾನೆ. ಬಂದವನಿಗೆ ಇವತ್ತು ಹೇಳುವುದೋ ಬಿಡುವುದೋ. ನಿನ್ನೆಯೂ ಇದೇ ಪ್ರಶ್ನೆ ಇತ್ತು. ನಿನ್ನೆ ಗೆರಿಟ್ ಬಂದು, ಕೆಲಸ ಮಾಡಿ, ಹೋದ. ಈ ಕಾರನ್ನು ಎಬ್ಬಿಸಬೇಕು, ವಸಂತ ಬಂದಾಗ ಎಂಬತ್ತು ತುಂಬುವ ಅಮ್ಮನನ್ನು ಇದರಲ್ಲಿ ಕೂರಿಸಿಕೊಂಡು ಚರ್ಚಿಗೆ ಹೋಗಬೇಕು ಎಂದು ಹೊಸ ವೈರಿಂಗ್ ಸೆಟ್ಟನ್ನು ತರಿಸಿದವನು ಅವನೇ. ತರಿಸಿ ಡಬ್ಬಿ ಬಿಚ್ಚದೆ ಹಾಗೇ ರೀಂಕ್‌ನ ಬಾಗಿಲಿಗೆ ತಂದಿದ್ದ. "ನೀವೇ ಹಾಕಬೇಕು ಅಂಕಲ್. ನಾನು ಮುಟ್ಟಿದ್ರೆ ಅದಕ್ಕೆ ಹಳೇದು ನೆನಪಾಗುತ್ತೆ" ಎಂದು ತಾನೇ ನಕ್ಕಿದ್ದ. ನಲವತ್ತನಾಲ್ಕು ವರ್ಷದ ಗಂಡಸು, ನಲವತ್ತು ಬಸ್ಸುಗಳನ್ನು ದಿನಾ ಬೆಳಿಗ್ಗೆ ಓಡಿಸಿ ಕಳಿಸುವವನು.

ಇಪ್ಪತ್ನಾಲ್ಕು ವರ್ಷದ ಹಿಂದೆ ಕಾರಿಗೆ ಬೆಂಕಿ ಹತ್ತಿದ ದಿನ ಚರ್ಚಿನ ಬೇಸಿಗೆ ಊಟ. ಹುಲ್ಲಿನ ಮೇಲೆ ಉದ್ದುದ್ದ ಮೇಜುಗಳು, ಬಿಳಿ ಕಾಗದದ ಹಾಸು ಗಾಳಿಗೆ ಹಾರದಂತೆ ಮೇಲೆ ಕಲ್ಲುಗಳು. ಇಪ್ಪತ್ತು ವರ್ಷದ ಗೆರಿಟ್ ಅಪ್ಪನ ಕಾರನ್ನು ಮೊದಲ ಸಲ ಒಬ್ಬನೇ ಓಡಿಸಿಕೊಂಡು, ಹಿಂದಿನ ವಾರ ತಾನೇ ಹಾಕಿದ್ದ ರೇಡಿಯೋವನ್ನು ಜೋರಾಗಿಟ್ಟುಕೊಂಡು ತಿರುವಿನಲ್ಲಿ ಕಾಣಿಸಿಕೊಂಡಿದ್ದ. ಕಡುಹಸಿರು ಹಡ್ಸನ್, ಅಗಲವಾದ ಬೆನ್ನು. ಎಲ್ಲರೂ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದರು. ಕಿಟಕಿಯಿಂದ ಮೊದಲು ಬಂದದ್ದು ಹಾಡು, ಆಮೇಲೆ ಹೊಗೆ. ಹುಡುಗ ಕೆಮ್ಮುತ್ತ ಹೊರಗೆ ಉರುಳಿದ, ಹುಬ್ಬು ಸೀದುಹೋಗಿತ್ತು. ಯಾರೋ ಇಬ್ಬರು ನಿಂಬೆ ಶರಬತ್ತಿನ ಡ್ರಮ್ಮನ್ನೇ ಎತ್ತಿಕೊಂಡು ಓಡಿ ಡ್ಯಾಶ್‌ಬೋರ್ಡಿಗೆ ಸುರಿದರು. ಸಕ್ಕರೆ ಸುಟ್ಟ ವಾಸನೆ. ವೀಬೆ ಬೂರ್ಸ್ಮಾ ಮೇಜಿನ ಹಿಂದಿನಿಂದ ಎದ್ದು, ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿಟ್ಟು, ನಡೆದು ಹೋಗಿ, ಇಡೀ ಸಭೆಯ ಎದುರಿಗೆ ಮಗನಿಗೆ ಹೇಳಿದ: "ಆ ಡಬ್ಬ ಹಾಕಬೇಡ ಅಂದಿದ್ದೆ. ಇನ್ನು ನನ್ನ ಒಂದೇ ಒಂದು ಸಾಮಾನು ನೀನು ಮುಟ್ಟಕೂಡದು." ಅವನು ಕೂಗಿರಲಿಲ್ಲ. ವೀಬೆ ಯಾವತ್ತೂ ಕೂಗಿದವನಲ್ಲ. ಆಮೇಲೆ ಅವನು ಬದುಕಿದ್ದ ಹದಿನಾರು ವರ್ಷವೂ ಆ ಮಾತು ಹಾಗೇ ಇತ್ತು. ಸಾಮಾನಿನ ಪೆಟ್ಟಿಗೆಗೆ ಬೀಗ, ಹಡ್ಸನ್ನಿಗೆ ಕ್ಯಾನ್ವಾಸಿನ ಹೊದಿಕೆ. ಅವತ್ತು ರೀಂಕ್ ಏನು ಮಾಡುತ್ತಿದ್ದ? ಆಲೂಗಡ್ಡೆಯ ಪಲ್ಯ ಬಡಿಸಿಕೊಳ್ಳುತ್ತಿದ್ದ. ಸುರುಳಿ ಸುರುಳಿಯಾಗಿ ಏಳುತ್ತಿದ್ದ ಹೊಗೆಯನ್ನು ನೋಡಿ, ಪಕ್ಕದವನಿಗೆ, "ಮೇನ್ ತಂತಿಗೆ ಚುಚ್ಚಿರಬೇಕು ರೇಡಿಯೋನ, ಹುಡುಗರ ಕೆಲಸ" ಎಂದಿದ್ದ. ಮೊದಲು ಹಾಗೆಂದವನು ಅವನೇ. ಎಕ್ಸ್‌ಚೇಂಜಿನ ರೀಂಕ್ ಹೇಳಿದ ಮೇಲೆ ಮುಗಿಯಿತು. ಇಡೀ ಹುಲ್ಲುಹಾಸಿಗೆ ಅದೇ ತೀರ್ಪು.

ಅದಕ್ಕೂ ಹಿಂದಿನ ವರ್ಷದ ಶನಿವಾರ ಅವನಿಗೆ ಈಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ, ಅದು ನೆನಪೋ ಅಥವಾ ಮಂಗಳವಾರದಿಂದ ತಾನೇ ಕಟ್ಟಿಕೊಂಡದ್ದೋ ತಿಳಿಯುವುದಿಲ್ಲ. ಸಂಜೆ ಐದೂಮುಕ್ಕಾಲು. ವೀಬೆ ಹೊಸದಾಗಿ ಬಣ್ಣ ಹೊಡೆಸಿದ ಕಾರಿನ ಸುತ್ತ ಮಗುವಿನಂತೆ ಓಡಾಡುತ್ತಿದ್ದ. ಮರುದಿನ ಬೆಳಿಗ್ಗೆ ಅದರಲ್ಲೇ ಚರ್ಚಿಗೆ ಹೋಗಬೇಕು ಅವನಿಗೆ. ತೂತಿನ ಅಳತೆಯ ಬುಷ್ ಡಬ್ಬಿಯಲ್ಲಿ ಇರಲಿಲ್ಲ. ಅಂಗಡಿ ಮುಚ್ಚಿತ್ತು. ಭಾನುವಾರ ದೇವರ ದಿನ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಮಾತೇ ಇಲ್ಲ. ಅವರ ಚರ್ಚಿನವರ ಪೈಕಿ ಭಾನುವಾರ ಹುಲ್ಲು ಕತ್ತರಿಸಿದವರನ್ನೂ ಸೋಮವಾರ ಯಾರೂ ಮಾತಾಡಿಸುವುದಿಲ್ಲ. ಸೋಮವಾರ ಬಂದು ಹಾಕಿದರಾಯಿತು ಎಂದುಕೊಂಡು ರೀಂಕ್ ತಂತಿಯನ್ನು ಬೋಳು ತೂತಿನಲ್ಲೇ ಎಳೆದ. ಕಂತೆಯನ್ನು ಚೆಂದವಾಗಿ ಹೆಣೆದ. ಭಾನುವಾರ ಪವಿತ್ರವಾಗಿ ಕಳೆಯಿತು. ಸೋಮವಾರ ಎಕ್ಸ್‌ಚೇಂಜಿನಲ್ಲಿ ಏನೋ ಕೆಟ್ಟಿತ್ತು. ಮಂಗಳವಾರ ಮರೆತಿದ್ದ.

"ರೀಂಕ್, ಸೂಪು ಆರೋಗ್ತಿದೆ" ಎಂದು ಗೆರಿಟ್‌ನ ತಾಯಿ, ವೀಬೆಯ ಹೆಂಡತಿ ಅಲೀಡಾ ಗ್ಯಾರೇಜಿನ ಒಳಬಾಗಿಲಿನಿಂದ ಕೂಗಿದಳು. ಅವನಿಗೆ ಎದ್ದೇಳಲು ಎರಡು ಸಲ ಪ್ರಯತ್ನ ಪಡಬೇಕಾಯಿತು. ಮೊದಲ ಸಲ ಹಣೆ ಡ್ಯಾಶ್‌ಬೋರ್ಡಿನ ಅಂಚಿಗೆ ಬಡಿಯಿತು. ಅಲೀಡಾ ನೋಡಿಯೂ ನೋಡದವಳಂತೆ ಬಾಗಿಲು ಹಿಡಿದು ಕಾದಳು, ಅದರಿಂದ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಬಟಾಣಿ ಸೂಪು, ಕಪ್ಪು ಬ್ರೆಡ್ಡು. ಅವಳು ಅವನೆದುರಿಗೆ ಕೂತು, ಬೆಣ್ಣೆಯನ್ನು ಬ್ರೆಡ್ಡಿನ ಅಂಚಿನವರೆಗೂ ಸಮನಾಗಿ ಸವರುತ್ತ, "ಗೆರಿಟ್ ನಿನ್ನೆ ಫೋನಲ್ಲಿ ಹೇಳ್ತಿದ್ದ, ರೀಂಕ್ ಅಂಕಲ್ ಕೆಲಸ ನೋಡೋದೇ ಒಂದು ಚೆಂದ ಅಂತ" ಎಂದಳು.

"ಹಾಗಂದ್ನಾ?"

"ಮತ್ತೆ? ನಾನು ಸುಳ್ಳು ಹೇಳೋ ವಯಸ್ಸು ದಾಟಿದೀನಿ. ಯಾಕೆ, ಉಪ್ಪು ಕಮ್ಮಿ ಆಯ್ತಾ? ಚಮಚ ಆಡಿಸ್ತಾ ಇದೀಯೇ ಹೊರತು ಬಾಯಿಗೆ ಹೋಗ್ತಿಲ್ಲ."

ಊಟವಾದ ಮೇಲೆ ಅವಳು ದಪ್ಪ ವೇದಪುಸ್ತಕವನ್ನು ಅವನತ್ತ ಸರಿಸಿದಳು. ಮೇಜಿನಲ್ಲಿ ಗಂಡಸೊಬ್ಬನಿದ್ದರೆ ಓದುವುದು ಅವನ ಪಾಲು. ನಿನ್ನೆ ನಿಲ್ಲಿಸಿದಲ್ಲಿಂದ ಮುಂದಕ್ಕೆ, ಬಂದದ್ದನ್ನು ಬಂದ ಹಾಗೆ, ಏನನ್ನೂ ಹಾರಿಸದೆ. ನೀಲಿ ರಿಬ್ಬನ್ನು ಎಳೆದು ಪುಟ ತೆರೆಯುವಾಗ ಅವನ ಮನಸ್ಸು ಕಳ್ಳನಂತೆ ಒಂದು ಆಸೆ ಪಟ್ಟಿತು: ಯಾವುದಾದರೂ ಒಂದು ಸಾಲು ಸಿಗಲಿ, ಅದನ್ನು ಹಿಡಿದುಕೊಂಡು ಬಾಯಿ ತೆರೆಯುವಂಥದು. ಸಿಕ್ಕಿದ್ದು ಹೆಸರುಗಳ ಪಟ್ಟಿ. ಇಂಥವನ ಮಕ್ಕಳು ಇಷ್ಟು, ಇಂಥವನ ಮಕ್ಕಳು ಇಷ್ಟು. ಅವನು ತೊದಲುತ್ತ, ಉಚ್ಚರಿಸಲಾಗದ ಹೆಸರುಗಳಲ್ಲಿ ಎಡವುತ್ತ ಓದಿದ. ಚಿಕ್ಕಂದಿನಲ್ಲಿ ಅಪ್ಪ ಇಂಥ ಪಟ್ಟಿಗಳನ್ನು ಓದುವಾಗಲೂ ದನಿ ಇಳಿಸುತ್ತಿರಲಿಲ್ಲ; ಆ ಹೆಸರುಗಳಿಗೂ ಒಂದು ಲಯ ಕೊಟ್ಟು, ಪ್ರತಿಯೊಬ್ಬನೂ ಬಾಗಿಲಲ್ಲಿ ನಿಂತಿದ್ದಾನೇನೋ ಎಂಬಂತೆ ಓದುತ್ತಿದ್ದ. ಒಂದು ಹೆಸರನ್ನು ತಪ್ಪು ಓದಿದರೂ ಹಿಂದೆ ಹೋಗಿ ಸರಿಯಾಗಿ ಓದಿಯೇ ಮುಂದೆ ಹೋಗುತ್ತಿದ್ದ.

ರೀಂಕ್ ಪುಸ್ತಕ ಮುಚ್ಚಿದ. "ಅಲೀಡಾ, ಆ ಬೆಂಕಿ ಗೆರಿಟ್‌ನಿಂದ ಆಗಿದ್ದಲ್ಲ. ನನ್ನಿಂದ."

ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದಳು. ಕೈ ನಿಲ್ಲಲಿಲ್ಲ. ಪುಡಿಯನ್ನೆಲ್ಲ ತಟ್ಟೆಗೆ ಹಾಕಿ, ಎರಡೂ ಕೈ ತಟ್ಟಿ, "ಗೊತ್ತು" ಎಂದಳು.

ಪುಸ್ತಕದಿಂದ ಹೊರಗೆ ಇಣುಕಿದ್ದ ನೀಲಿ ರಿಬ್ಬನ್ನನ್ನು ಅವನು ಒಳಗೆ ಸೇರಿಸಿದ.

"ಮುಂದಿನ ವಸಂತದಲ್ಲೇ ಗೊತ್ತಾಯ್ತು. ಆ ರೇಡಿಯೋನ ಕಿತ್ತು ಬಿಸಾಕ್ತೀನಿ ಅಂತ ವೀಬೆ ಕಾರಿನೊಳಗೆ ತೂರಿದ್ರು. ಬಂದು ಸಿಂಕಿನ ಹತ್ರ ನಿಂತು ಕೈ ತೊಳೆದ್ರು, ತೊಳೆದ್ರು, ನೀರು ತಣ್ಣಗಾಗೋವರೆಗೂ ತೊಳೆದ್ರು. ಆಮೇಲೆ ಹೇಳಿದ್ರು. ರೀಂಕ್ ಬುಷ್ ಹಾಕಿಲ್ಲ ಅಂತ."

"ಮತ್ತೆ ಯಾಕೆ..."

"ಆ ವರ್ಷ ನಿನ್ನನ್ನ ಚರ್ಚಿನ ಹಿರಿಯನಾಗಿ ಆರಿಸಿದ್ರಲ್ಲ. ಅದೇ ತಿಂಗಳು. ಈಗ ಹೇಳಿದ್ರೆ ರೀಂಕ್ ಮುಖಕ್ಕೆ ಮಸಿ ಬಳಿದ ಹಾಗೆ, ಹುಡುಗ ಚಿಕ್ಕೋನು, ಮರೀತಾನೆ ಅಂದ್ರು. ನಾನೂ ಹೂಂ ಅಂದೆ. ಆಮೇಲೆ ಪ್ರತಿ ವರ್ಷ ಹೇಳೋದು ಇನ್ನೂ ಕಷ್ಟ ಆಗ್ತಾ ಹೋಯ್ತು." ಅವಳು ಮೊದಲ ಸಲ ಅವನ ಮುಖ ನೋಡಿದಳು. "ನೀನು ಈಗ ಅವನಿಗೆ ಹೇಳಬೇಡ ರೀಂಕ್. ಆ ಹೆಸರಿಗೆ ಅವನು ಒಗ್ಗಿಹೋಗಿದಾನೆ, ತಾನೇ ಹೇಳ್ಕೊಂಡು ನಗ್ತಾನೆ. ನೀನು ಒಂದು ಮಾತು ಹೇಳಿದ್ರೆ ಅವನು ಎರಡನೇದು ಕೇಳ್ತಾನೆ. ಅವರಪ್ಪನ ಪಕ್ಕದಲ್ಲೇ ನನ್ನನ್ನೂ ಮಲಗಿಸೋದು ಅವನೇ. ಮಲಗಿಸುವಾಗ ಅವನ ಮುಖ ಹೇಗಿರಬೇಕು ಅಂತ ನಾನು ಯೋಚನೆ ಮಾಡಬಾರದಾ?"

ಅವನು ಗ್ಯಾರೇಜಿಗೆ ಮರಳಿದ. ಡ್ಯಾಶ್‌ಬೋರ್ಡಿನ ಕೆಳಗೆ ಮಲಗಲಿಲ್ಲ, ಸೀಟಿಲ್ಲದ ಕಾರಿನ ಹೊಸ್ತಿಲ ಮೇಲೆ ಕೂತ. ವೀಬೆಯೊಡನೆ ಒಂದೇ ಬೆಂಚಿನಲ್ಲಿ ಕೂತ ಭಾನುವಾರಗಳು ನೆನಪಾದವು. ಪಾದ್ರಿಯ ಪ್ರಸಂಗ ಎರಡನೆಯ ಭಾಗಕ್ಕೆ ಬಂದಾಗ ವೀಬೆ ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟ್ ಸುರುಳಿ ತೆಗೆದು, ಒಂದು ತಾನಿಟ್ಟುಕೊಂಡು, ಒಂದನ್ನು ಅಲೀಡಾಗೆ ಕೊಟ್ಟು, ಅವಳ ಮಡಿಲಿನ ಮೇಲಿಂದಲೇ ಕೈ ಚಾಚಿ ರೀಂಕ್‌ನ ಅಂಗೈಗೂ ಒಂದನ್ನಿಡುತ್ತಿದ್ದ. ಹದಿನೈದು ವರ್ಷ, ಗೊತ್ತಿದ್ದೂ, ಒಂದು ಭಾನುವಾರವೂ ತಪ್ಪದೆ. ಆ ಕೈ ಯಾವತ್ತಾದರೂ ತಡವಾಗಿ ಬಂದಿತ್ತೇ, ಕಣ್ಣು ಬೇರೆ ಕಡೆ ಇತ್ತೇ ಎಂದು ಈಗ ಒಂದೊಂದನ್ನೂ ತಿರುವಿ ನೋಡಿದ. ಏನೂ ಸಿಗಲಿಲ್ಲ. ಬಾಯಲ್ಲಿ ಅದೇ ತಂಪು, ಅದೇ ಸಿಹಿ. ಬೆಂಚಿನ ಆ ತುದಿಯಲ್ಲಿ ಗೆರಿಟ್ ಇರುತ್ತಿದ್ದ. ಸುರುಳಿ ಅತ್ತ ಹೋಗುತ್ತಿತ್ತೋ ಇಲ್ಲವೋ ರೀಂಕ್ ಒಮ್ಮೆಯೂ ಗಮನಿಸಿರಲಿಲ್ಲ. ತನ್ನ ಒಳ್ಳೆಯ ಹೆಸರು ಎಂದು ಇಷ್ಟು ವರ್ಷ ಹೊದ್ದು ಓಡಾಡಿದ್ದು ಇನ್ನೊಬ್ಬರ ಮೈಮೇಲಿಂದ ಎಳೆದದ್ದು. ಎಳೆದವನು ಪ್ರೀತಿಯಿಂದಲೇ ಎಳೆದಿದ್ದ. ಅದಕ್ಕೆ ಕೃತಜ್ಞನಾಗಿರಬೇಕೋ, ವೀಬೆಯ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅವನು ದಣಿದ. ಪ್ರಾರ್ಥನೆ ಮಾಡಲೇ ಎಂದುಕೊಂಡ. ಏನೆಂದು ಕೇಳಿಕೊಳ್ಳುವುದು? ಹೇಳುವ ಧೈರ್ಯ ಕೊಡು ಎಂದೋ, ಹೇಳಬೇಡ ಎಂದವಳ ಮಾತು ಮೀರದಿರುವ ತಾಳ್ಮೆ ಕೊಡು ಎಂದೋ? ಎರಡೂ ಪ್ರಾರ್ಥನೆಯಂತೆಯೇ ಕೇಳಿಸುತ್ತಿದ್ದವು.

ಹೊರಗೆ ಟ್ರಕ್ಕು ನಿಂತ ಸದ್ದಾಯಿತು. ಗೆರಿಟ್ ಒಳಗೆ ಬಂದ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್.

"ಏನ್ ಅಂಕಲ್, ಹೊಸ್ತಿಲ ಮೇಲೆ ಕೂತ್ಬಿಟ್ಟಿದೀರಿ? ಅಮ್ಮ ಸೂಪು ಜಾಸ್ತಿ ಹಾಕಿದ್ಲಾ? ಅದನ್ನ ಕುಡಿದ ಮೇಲೆ ನಮ್ಮಪ್ಪನೂ ಒಂದು ಗಂಟೆ ಮಾತಾಡ್ತಿರಲಿಲ್ಲ." ಸಿಲಿಂಡರನ್ನು ಕಾರಿನ ಮುಂದಿನ ಚಕ್ರದ ಬಳಿ, ಕೈಗೆಟುಕುವಷ್ಟು ದೂರದಲ್ಲಿ ಇಟ್ಟು, ಅದರ ಒತ್ತಡದ ಮುಳ್ಳು ಹಸಿರಿನಲ್ಲಿದೆಯೇ ಎಂದು ಬಗ್ಗಿ ನೋಡಿದ. ನಿನ್ನೆಯೂ ಹೀಗೇ ಮಾಡಿದ್ದ. ನಿನ್ನೆ ರೀಂಕ್ ಅದನ್ನು ತಮಾಷೆ ಎಂದುಕೊಂಡಿದ್ದ.

"ಅದನ್ನ ದಿನಾ ತರ್ತೀಯಾ?"

"ಅಭ್ಯಾಸ. ಇದು ಪಕ್ಕದಲ್ಲಿಲ್ದೆ ನಾನು ಬಸ್ಸಿನ ಬಾನೆಟ್ಟೂ ಎತ್ತಲ್ಲ. ಷೆಡ್ಡಲ್ಲಿ ಎಲ್ಲರೂ ಆಡ್ಕೋತಾರೆ, ಗೆರಿಟ್ ಹೆಂಡತಿ ಬಂದ್ಲು ಅಂತ." ನಗುತ್ತಲೇ ತೋಳು ಮಡಿಸಿದ. "ಹೇಳಿ, ಎಲ್ಲಿಗೆ ಬಂತು? ಹಿಂದೀಪ ಆಯ್ತಾ?"

"ಗೆರಿಟ್, ನಿನ್ನ ರೇಡಿಯೋ ತಂತಿ ಸುಟ್ಟಿರಲಿಲ್ಲ."

"ಯಾವ ರೇಡಿಯೋ?" ಎಂದ. ಮಡಿಸುತ್ತಿದ್ದ ತೋಳು ಅರ್ಧಕ್ಕೆ ನಿಂತಿತು.

"ಅದಕ್ಕೆ ಫ್ಯೂಸ್ ಹಾಕಿದ್ದೆ ನೀನು. ಚೆನ್ನಾಗೇ ಹಾಕಿದ್ದೆ. ಅದು ಹೋಗಿರಲೇ ಇಲ್ಲ. ಸುಟ್ಟಿದ್ದು ಬ್ಯಾಟರಿಯಿಂದ ಮೀಟರಿಗೆ ಬರೋ ತಂತಿ."

ಗೆರಿಟ್ ಮೆಕ್ಯಾನಿಕ್ಕಿನ ದನಿಯಲ್ಲಿ ಕೇಳಿದ. "ಎಲ್ಲಿ?"

"ತಗಡಿನ ತೂತಲ್ಲಿ."

"ಬುಷ್ ಒಡೆದಿತ್ತಾ?"

"ಬುಷ್ ಇರಲಿಲ್ಲ."

"ಇರಲಿಲ್ಲ ಅಂದ್ರೆ?"

"ನಾನು ಹಾಕಿರಲಿಲ್ಲ. ಅಳತೆದು ಸಿಗಲಿಲ್ಲ. ಶನಿವಾರ ಸಂಜೆ ಆಗಿತ್ತು."

"ಓ, ಶನಿವಾರ" ಎಂದ ಗೆರಿಟ್. ಆ ಊರಿನಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಹೆಚ್ಚು ವಿವರಿಸಬೇಕಿರಲಿಲ್ಲ. ಅವನು ಕಾರಿನ ಸುತ್ತ ಹೋಗಿ, ಬಾನೆಟ್ಟಿನ ಕೆಳಗೆ ಬಗ್ಗಿ, ತೂತಿನೊಳಗೆ ಬೆರಳು ಹಾಕಿ ಅಂಚನ್ನು ಸವರಿ ನೋಡಿದ. ಬೆರಳನ್ನು ತೆಗೆಯಲಿಲ್ಲ. ಅಲ್ಲಿಂದಲೇ, ಮುಖ ಕಾಣದ ಹಾಗೆ ಬಗ್ಗಿಕೊಂಡೇ, "ಅಪ್ಪಂಗೆ ಗೊತ್ತಿತ್ತಾ?" ಎಂದ.

ರೀಂಕ್ ಬಾಯಿ ತೆರೆದ. ಇದು ತಾನು ಹೇಳಬೇಕಾದ ಮಾತಲ್ಲ. ಹೇಳದಿದ್ದರೆ ಅದೂ ಒಂದು ಉತ್ತರ. ಒಳಬಾಗಿಲಲ್ಲಿ ಅಲೀಡಾ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಕೈಯಲ್ಲಿ ಕಾಫಿಯ ತಟ್ಟೆ, ಮೂರು ಬಟ್ಟಲು.

"ಗೊತ್ತಿತ್ತು" ಎಂದಳು. "ಮುಂದಿನ ವರ್ಷವೇ."

"ನಿಂಗೆ?"

"ನಂಗೂ."

ಗೆರಿಟ್ ನೆಟ್ಟಗಾದ. ಅವನ ಮುಖದಲ್ಲಿ ಸಿಟ್ಟಿರುತ್ತದೆಂದು ಇಬ್ಬರು ಮುದುಕರೂ ಕಾದರು. ಸಿಟ್ಟು ಬರಲಿಲ್ಲ, ಲೆಕ್ಕ ತಪ್ಪಿದ ವಿದ್ಯಾರ್ಥಿಯ ಹಾಗೆ ಅವನು ಹುಬ್ಬು ಗಂಟಿಕ್ಕಿ ಹಿಂದಕ್ಕೆ ಹಿಂದಕ್ಕೆ ಏನನ್ನೋ ಹುಡುಕಿಕೊಂಡು ಹೋಗುತ್ತಿದ್ದ.

"ಆಸ್ಪತ್ರೇಲಿ ಹನ್ನೊಂದು ದಿನ ಕೂತಿದ್ದೆ" ಎಂದ. "ಗಡ್ಡ ಕೆರೀತಿದ್ದೆ ಅವರಿಗೆ. ಒಂದಿನ ಕೆರೀತಾ ಕೆರೀತಾ ಹೇಳ್ದೆ, ಅಪ್ಪಾ ಆ ಕಾರಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ, ತಪ್ಪಾಯ್ತು ಅಂತ. ಅವರು ನನ್ನ ಮಣಿಕಟ್ಟು ಹಿಡ್ಕೊಂಡು, ಕ್ಷಮಿಸಿದೀನಪ್ಪಾ ಅಂದ್ರು." ಅಮ್ಮನನ್ನು ನೋಡಿದ. "ಕ್ಷಮಿಸಿದ್ರು ಅಮ್ಮ ಅವರು ನನ್ನ. ಅಷ್ಟಕ್ಕೇ ನಾನು ಕಾರಿಡಾರಿಗೆ ಹೋಗಿ ಅತ್ತಿದ್ದೆ, ಸಂತೋಷಕ್ಕೆ."

ಅಲೀಡಾ ತಟ್ಟೆ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು. ಗೆರಿಟ್ ಹೋಗಿ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಕೆಲಸದ ಮೇಜಿನ ಮೇಲಿಟ್ಟ. ಅವಳನ್ನು ಮುಟ್ಟಲಿಲ್ಲ.

"ನೀವಾದ್ರೂ ಕಂಡ ಕೂಡ್ಲೇ ಹೇಳಿದ್ರಿ ಅಂಕಲ್" ಎಂದ.

ಎಷ್ಟು ಹಗುರವಾಗಿ ಬಂದಿತ್ತು ಆ ಮಾತು. ತೆಗೆದುಕೊಂಡರೆ ಆಯಿತು, ಅಂಗೈ ಚಾಚಿದರೆ ಸಾಕು. ರೀಂಕ್ ಕಾರಿನ ಬಾಗಿಲು ಹಿಡಿದು ಎದ್ದು ನಿಂತ.

"ಇಲ್ಲ. ಮಂಗಳವಾರ ಕಂಡಿದ್ದು. ಕತ್ತರಿಸಿ ಮನೆಗೆ ತಗೊಂಡು ಹೋಗಿ ಕಸಕ್ಕೆ ಹಾಕಿದೆ. ನಿನ್ನೆ ಅಂಗಡೀಲಿ ನಿನ್ನ ಬೆಂಕಿ ಗೆರಿಟ್ ಅಂದ್ರು. ನಾನೂ ನಕ್ಕೆ."

ಗೆರಿಟ್ ಸುಸ್ತಾದವನ ಹಾಗೆ ಕೆನ್ನೆ ಉಜ್ಜಿಕೊಂಡ. "ಮೂರು ಜನ" ಎಂದ. "ಈ ಗ್ಯಾರೇಜಿನೊಳಗೆ ಮೂರು ಜನಕ್ಕೆ ಗೊತ್ತಾಯ್ತು. ಸರಿ. ಅವತ್ತು ಹುಲ್ಲಿನ ಮೇಲೆ ಇನ್ನೂರು ಜನ ಇದ್ರು ಅಂಕಲ್. ಅವರಿಗೆ ಯಾರು ಹೇಳೋರು? ನಾನು ಹೇಳಿದ್ರೆ ಗೆರಿಟ್ ಇನ್ನೂ ನೆಪ ಹುಡುಕ್ತಿದಾನೆ ಅಂತಾರೆ."

ಉತ್ತರಕ್ಕೆ ಕಾಯದೆ ಅವನು ಕಾರಿನ ನೆಲದ ಮೇಲೆ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ಜಾರಿದ. ಒಳಗಿನಿಂದ, "ಇನ್ನು ನಾನೇ ಮಾಡ್ಕೋತೀನಿ" ಎಂದದ್ದು ಕೇಳಿಸಿತು. ಬೈಗುಳವಾಗಿರಲಿಲ್ಲ. ಅಲೀಡಾ ಕಾಫಿಯ ಬಟ್ಟಲೊಂದನ್ನು ಕೈಗೆತ್ತಿಕೊಂಡು, ಮಗನ ಬೂಟುಗಾಲುಗಳ ಪಕ್ಕ ಬಗ್ಗಿ ನೆಲದ ಮೇಲಿಟ್ಟು, ಅಲ್ಲೇ ನಿಂತುಕೊಂಡಳು. ಅವಳು ರೀಂಕ್‌ನ ಕಡೆ ತಿರುಗಲಿಲ್ಲ.

ಅವನು ಕೋಟು ಹಾಕಿಕೊಂಡು ಹೊರಗೆ ಬಂದ. ಅಕ್ಟೋಬರಿನ ಬೆಳಕು ಕಣ್ಣಿಗೆ ಚುಚ್ಚಿತು. ಬೀದಿಯ ಎದುರು ಮನೆಯ ಹಾರ್ಮ್ ಸ್ಲಾಗರ್, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು, ಗಾಳಿಯ ಯಂತ್ರವನ್ನು ಹೆಗಲಿಗೆ ನೇತು ಹಾಕಿಕೊಂಡು ಮೇಪಲ್ ಎಲೆಗಳನ್ನು ಊದಿ ಗುಡ್ಡೆ ಮಾಡುತ್ತಿದ್ದ. ಅವತ್ತು ಶರಬತ್ತಿನ ಡ್ರಮ್ಮಿನ ಒಂದು ಬದಿಯನ್ನು ಎತ್ತಿದ್ದವನು ಅವನೇ. ಇವತ್ತಿಗೂ ಯಾರು ಸಿಕ್ಕರೂ ಅದನ್ನು ಹೇಳುತ್ತಾನೆ. ಎಡಕ್ಕೆ ತಿರುಗಿದರೆ ಮನೆ, ಟ್ರೈನಾ, ಮಧ್ಯಾಹ್ನದ ನಿದ್ದೆ. ಹಾರ್ಮ್ ಕೈ ಎತ್ತಿ ಬೀಸಿದ. ರೀಂಕ್ ಬೀದಿ ದಾಟಿದ. ಮಂಡಿ ನೋಯುತ್ತಿತ್ತು. ಎಲೆಯ ಗುಡ್ಡೆಯ ಈಚೆ ನಿಂತು ಆ ಬೆಂಕಿಯ ವಿಷಯ ಹೇಳಿದ. ಹಾರ್ಮ್ ನಗುತ್ತ ತಲೆಯಾಡಿಸಿ, ಏನೂ ಕೇಳಿಸಲಿಲ್ಲವೆಂದು ಕಿವಿ ತೋರಿಸಿ, ಊದುವುದನ್ನು ಮುಂದುವರಿಸಿದ. ರೀಂಕ್ ಇನ್ನೊಂದು ಸಲ ಹೇಳಿದ. ಮೂರನೆಯ ಸಲ, ಜೀವಮಾನದಲ್ಲಿ ಬೀದಿಯಲ್ಲಿ ನಿಂತು ದನಿ ಎತ್ತದಿದ್ದ ರೀಂಕ್ ಪೋಸ್ಟ್ಮಾ, ಕುತ್ತಿಗೆಯ ನರ ಉಬ್ಬುವಂತೆ ಕೂಗಿದ. ಹಾರ್ಮ್ ಗಾಬರಿಯಾಗಿ ಯಂತ್ರವನ್ನು ಆರಿಸಿದ. ಸದ್ದು ಥಟ್ಟನೆ ನಿಂತಿತು, ಕೂಗು ನಿಂತಿರಲಿಲ್ಲ. "...ಹಚ್ಚಿದ್ದು ನಾನು!" ಎಂಬುದು ಇಡೀ ಬೀದಿಗೆ ಕೇಳಿಸಿತು. ಎರಡು ಮನೆಯಾಚೆ ಒಂದು ಬಾಗಿಲು ತೆರೆದು, ಒಬ್ಬಾಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನ್ ಹಚ್ಚಿದ್ದು?" ಎಂದ ಹಾರ್ಮ್, ಕಿವಿಯ ಮುಚ್ಚಳ ತೆಗೆಯುತ್ತ.

ರೀಂಕ್ ಉಸಿರು ಸುಧಾರಿಸಿಕೊಂಡ. ಆಕೆಯೂ ಹತ್ತಿರ ಬರಲೆಂದು ಕಾದ.